ಪೊಟ್ಟಣದೊಳಗಿನ ಜೀವ: ಕಾಳುಮೆಣಸಿನ ಬೇರಿನ ಮಿತ್ರಾಣುಗಳು ಮತ್ತು ನಮ್ಮ ಮಳಿಗೆಗಳು

ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿ, ಘಾಟಿಯ ಬುಡ ತಲಪುವುದಕ್ಕೆ ಮೊದಲು ಸಿಗುವ ಗ್ರಾಮ ಮುಂಡಾಜೆ. ಮೃತ್ಯುಂಜಯ ನದಿಯ ಆಸುಪಾಸಿನ ಈ ಊರಿನಲ್ಲಿ ಅಡಿಕೆಯೇ ಪ್ರಧಾನ ಬೆಳೆ. ಅಡಿಕೆ ಮರವನ್ನೇ ಆಸರೆಯಾಗಿಸಿಕೊಂಡು ಹಬ್ಬಿದ ಕಾಳುಮೆಣಸು ಎರಡನೆಯ ಆದಾಯ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳ ಕಾಟ ಹೆಚ್ಚಿದಂತೆಲ್ಲ ಈ ಎರಡನೆಯ ಆದಾಯದ ಬೆಲೆ ಬೆಳೆಗಾರನಿಗೆ ಚೆನ್ನಾಗಿ ತಿಳಿಯತೊಡಗಿದೆ. ಸರಿಯಾಗಿ ಒಣಗಿಸಿದ ಕಾಳುಮೆಣಸು ವರ್ಷಗಟ್ಟಲೆ ಕೆಡದೆ ಉಳಿಯುವುದರಿಂದ ಅದನ್ನು ಕೋಣೆಯಲ್ಲಿಟ್ಟು, ದರ ನೋಡಿ, ಮಗಳ ಮದುವೆಗೋ ಮಗನ ಕಾಲೇಜು ಶುಲ್ಕಕ್ಕೋ ಮಾರುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಬೆಳೆಗಾರನ ಕೈಯಲ್ಲಿ ಈ ಹಣ ಇದ್ದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಪೇಟೆಗಳಲ್ಲಿ ಬಟ್ಟೆಯಿಂದ ಸಿಮೆಂಟಿನವರೆಗೆ ಎಲ್ಲ ವ್ಯಾಪಾರವೂ ನಡೆಯುತ್ತದೆ. ಬಳ್ಳಿ ಸತ್ತರೆ ಆ ಪೆಟ್ಟು ಪೇಟೆಗೂ ಬೀಳುತ್ತದೆ.

ಬಳ್ಳಿ ಸಾಯುವುದು ಮಳೆಗಾಲದಲ್ಲಿ. ಜುಲೈ-ಆಗಸ್ಟ್ ತಿಂಗಳಲ್ಲಿ ಹಸುರಾಗಿದ್ದ ಬಳ್ಳಿ ಎರಡು-ಮೂರು ವಾರಗಳಲ್ಲಿ ಎಲೆ ಉದುರಿಸಿ, ಗಂಟುಗಳಲ್ಲಿ ಮುರಿದು ಬೀಳುತ್ತದೆ. ಇದಕ್ಕೆ ನಮ್ಮ ಕೃಷಿ ಸಾಮಗ್ರಿ ಮಳಿಗೆಗಳು ಹಿಂದಿನಿಂದ ಮಾರುತ್ತಿದ್ದ ಮದ್ದು ಮೈಲುತುತ್ತು ಮತ್ತು ಸುಣ್ಣ. ಕಳೆದ ಎರಡು ದಶಕಗಳಿಂದೀಚೆಗೆ ಅದರ ಪಕ್ಕದ ಕಪಾಟಿನಲ್ಲಿ ಟ್ರೈಕೋಡರ್ಮಾ, ಸ್ಯೂಡೊಮೊನಾಸ್ ಎಂಬ ಹೆಸರಿನ ಬಿಳಿ ಅಥವಾ ಬೂದು ಪುಡಿಯ ಪೊಟ್ಟಣಗಳೂ ಬಂದು ಕುಳಿತಿವೆ. ಅವುಗಳ ವಿಷಯದಲ್ಲಿ ಗ್ರಾಹಕರ ಬಾಯಿಂದ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಹಾಕಿದೆವು, ಏನೂ ಆಗಲಿಲ್ಲ’ ಎಂಬುದು. ವಿಜ್ಞಾನ ಸುಳ್ಳೇ? ಅಲ್ಲ. ನನ್ನ ಅಭಿಪ್ರಾಯದಲ್ಲಿ ದೋಷದ ದೊಡ್ಡ ಪಾಲು ಇರುವುದು ತಯಾರಕರ ಘಟಕದಿಂದ ಬಳ್ಳಿಯ ಬುಡದವರೆಗಿನ ದಾರಿಯಲ್ಲಿ. ಆ ದಾರಿಯ ಹೆಚ್ಚಿನ ಅಂಶ ವರ್ತಕರ ಕೈಯಲ್ಲಿದೆ. ಆದ್ದರಿಂದಲೇ ಕೃಷಿ ಪತ್ರಿಕೆಗೆ ಒಪ್ಪುವ ಈ ವಿಷಯವನ್ನು ವಾಣಿಜ್ಯ ಪತ್ರಿಕೆಯಲ್ಲಿ ವಿವರಿಸಲು ಇಲ್ಲಿ ಯತ್ನಿಸಲಾಗಿದೆ.

ಬೇರಿನ ಸುತ್ತಲಿನ ಪೇಟೆ

ಗಿಡವು ಎಲೆಗಳಲ್ಲಿ ತಯಾರಿಸಿದ ಸಕ್ಕರೆಯ ಒಂದು ಭಾಗವನ್ನು ಬೇರಿನ ಮೂಲಕ ಮಣ್ಣಿಗೆ ಸ್ರವಿಸುತ್ತದೆ. ಸಕ್ಕರೆಯ ಜತೆಗೆ ಅಮೈನೋ ಆಮ್ಲಗಳು, ಸಾವಯವ ಆಮ್ಲಗಳು ಸಹ ಹೊರಬರುತ್ತವೆ. ಇವುಗಳನ್ನು ಉಣ್ಣಲು ಬೇರಿನ ಸುತ್ತಲಿನ ಕೆಲವೇ ಮಿಲಿಮೀಟರು ದಪ್ಪದ ಮಣ್ಣಿನಲ್ಲಿ ಸೂಕ್ಷ್ಮಾಣುಜೀವಿಗಳು ಮುತ್ತಿಕೊಳ್ಳುತ್ತವೆ. ಜರ್ಮನಿಯ ವಿಜ್ಞಾನಿ ಲೊರೆಂಜ್ ಹಿಲ್ಟ್ನರ್ 1904ರಲ್ಲಿ ಈ ವಲಯಕ್ಕೆ ರೈಜೋಸ್ಫಿಯರ್, ಎಂದರೆ ಬೇರುವಲಯ, ಎಂಬ ಹೆಸರನ್ನಿತ್ತರು. ವ್ಯಾಪಾರಸ್ಥರಿಗೆ ಇದನ್ನು ಸಂತೆಯೆಂದು ವಿವರಿಸಿದರೆ ಸುಲಭವಾಗಿ ಅರ್ಥವಾದೀತು: ಇಲ್ಲಿ ಗಿಡ ಸಕ್ಕರೆ ಕೊಡುತ್ತದೆ, ಪ್ರತಿಯಾಗಿ ಕೆಲವು ಜೀವಿಗಳು ಪೋಷಕಾಂಶ ತಂದುಕೊಡುತ್ತವೆ, ಕೆಲವು ಕಾವಲು ಕಾಯುತ್ತವೆ, ಮತ್ತೆ ಕೆಲವು ಏನನ್ನೂ ಕೊಡದೆ ಲೂಟಿ ಮಾಡುತ್ತವೆ.

ಲೂಟಿಕೋರರಲ್ಲಿ ಕಾಳುಮೆಣಸಿಗೆ ಅತ್ಯಂತ ಅಪಾಯಕಾರಿಯಾದದ್ದು ಫೈಟಾಫ್ತೊರಾ ಕ್ಯಾಪ್ಸಿಸಿ. ಶೀಘ್ರ ಸೊರಗು ರೋಗ ಅಥವಾ ಬುಡಕೊಳೆ ರೋಗಕ್ಕೆ ಇದೇ ಕಾರಣ. ಅಡಿಕೆಯ ಕೊಳೆರೋಗವನ್ನು ಉಂಟುಮಾಡುವುದೂ ಇದೇ ಕುಲದ ಇನ್ನೊಂದು ಪ್ರಭೇದ. ನೋಡಲು ಶಿಲೀಂಧ್ರದಂತಿದ್ದರೂ ವರ್ಗೀಕರಣದಲ್ಲಿ ಇದು ನಿಜವಾದ ಶಿಲೀಂಧ್ರವಲ್ಲ. ಇದರ ಬೀಜಾಣುಗಳಿಗೆ ಬಾಲದಂತಹ ಎಳೆಗಳಿದ್ದು, ಅವು ನೀರಿನಲ್ಲಿ ಈಜಬಲ್ಲವು. ಮಣ್ಣಿನ ಕಣಗಳ ನಡುವೆ ನೀರು ನಿಂತ ಕೂಡಲೇ ಅವು ಬೇರಿನ ಸ್ರಾವದ ಜಾಡು ಹಿಡಿದು ಸಾಗುತ್ತವೆ. ಘಾಟಿಯ ಬುಡದ ನಮ್ಮ ಮಳೆಯಲ್ಲಿ, ತೋಡು-ಕಣಿಗಳಲ್ಲಿ ನೀರು ಒಂದು ತೋಟದಿಂದ ಇನ್ನೊಂದಕ್ಕೆ ಇಳಿಯುವ ಭೂರಚನೆಯಲ್ಲಿ, ಇದಕ್ಕಿಂತ ಅನುಕೂಲವಾದ ಸ್ಥಳ ಅದಕ್ಕೆ ಬೇರೊಂದಿಲ್ಲ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಚಾರ್ಮಾಡಿ ಭಾಗದ ತೋಟಗಳಿಗೆ ನೀರು-ಮರಳು ನುಗ್ಗಿದ್ದನ್ನು ಓದುಗರು ಮರೆತಿರಲಾರರು. ಅಂತಹ ನೆರೆಯಲ್ಲಿ ಮೇಲ್ಮಣ್ಣು ಮತ್ತು ಅದರೊಳಗಿನ ಜೀವರಾಶಿ ಕೊಚ್ಚಿಹೋಗುತ್ತದೆ. ಈಜುವ ಬೀಜಾಣುಗಳಿಗೆ ಮಾತ್ರ ಅದು ಸವಾರಿ.

ಇದರೊಂದಿಗೆ ನಿಧಾನ ಸೊರಗು ರೋಗವೆಂಬುದು ಬೇರೆಯೇ ಇದೆ. ಬೇರನ್ನು ಕೊರೆಯುವ ಮತ್ತು ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುಗಳು ಮಾಡಿದ ಗಾಯಗಳು ಇದಕ್ಕೆ ಮೂಲ. ಬಳ್ಳಿ ಒಂದೇ ಮಳೆಗಾಲದಲ್ಲಿ ಸಾಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಹಳದಿಗಟ್ಟಿ ಕೃಶವಾಗುತ್ತದೆ. ಗ್ರಾಹಕನು ಮಳಿಗೆಗೆ ಬಂದು ‘ಬಳ್ಳಿ ಸೊರಗಿದೆ’ ಎಂದಾಗ ಯಾವುದು ಎಂದು ಕೇಳಿ ತಿಳಿಯುವುದು ಒಳ್ಳೆಯದು. ಎರಡಕ್ಕೂ ಒಂದೇ ಪೊಟ್ಟಣ ಕೊಡುವ ರೂಢಿ ಸರಿಯಲ್ಲ.

ಕಾವಲುಗಾರರು

ಟ್ರೈಕೋಡರ್ಮಾ ಹಸುರು ಬೀಜಾಣುಗಳನ್ನು ಬಿಡುವ ಮಣ್ಣಿನ ಶಿಲೀಂಧ್ರ. ಅದು ರೋಗಕಾರಕದ ಎಳೆಗಳಿಗೆ ಸುತ್ತಿಕೊಂಡು, ಅವುಗಳ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸಿ, ಒಳಗಿನದನ್ನು ಆಹಾರವಾಗಿಸಿಕೊಳ್ಳುತ್ತದೆ. ಇದು ಅದರ ಒಂದು ವಿಧಾನ ಮಾತ್ರ. ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ಮೊದಲೇ ಆಕ್ರಮಿಸಿಕೊಂಡು ರೋಗಕಾರಕಕ್ಕೆ ಎಡೆಯಿಲ್ಲದಂತೆ ಮಾಡುವುದು ಇನ್ನೊಂದು. ಪ್ರಾಯಶಃ ಈ ಎರಡನೆಯದೇ ತೋಟದಲ್ಲಿ ಹೆಚ್ಚು ಮುಖ್ಯ. ಏಕೆಂದರೆ ಇದರಿಂದ ಒಂದು ಪ್ರಾಯೋಗಿಕ ಅಂಶ ಹೊರಡುತ್ತದೆ: ಟ್ರೈಕೋಡರ್ಮಾ ರೋಗ ಬರುವ ಮುನ್ನ ಅಲ್ಲಿ ನೆಲೆಸಿರಬೇಕು. ಎಲೆ ಉದುರತೊಡಗಿದ ಬಳ್ಳಿಗೆ ಅದನ್ನು ಹಾಕುವುದು ಕಳ್ಳತನವಾದ ಮೇಲೆ ಕಾವಲುಗಾರನನ್ನು ನೇಮಿಸಿದಂತೆ.

ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾ ಜಾತಿಯದು. ಮಣ್ಣಿನಲ್ಲಿರುವ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಿಡುವ ಸಂಯುಕ್ತಗಳನ್ನು ಇದು ಬಿಡುವುದರಿಂದ ರೋಗಕಾರಕಗಳಿಗೆ ಕಬ್ಬಿಣದ ಕೊರತೆಯಾಗುತ್ತದೆ. ಪ್ರತಿಜೈವಿಕಗಳನ್ನೂ ಉತ್ಪಾದಿಸುತ್ತದೆ. ಮೇಲಾಗಿ ಬೇರಿನಲ್ಲಿ ಇದು ನೆಲೆಸಿದಾಗ ಇಡೀ ಗಿಡದ ರೋಗನಿರೋಧಕ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಬ್ಯಾಸಿಲ್ಲಸ್ ಕುಲದ ಬ್ಯಾಕ್ಟೀರಿಯಾಗಳು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ ಆದರೂ ವ್ಯಾಪಾರದ ದೃಷ್ಟಿಯಿಂದ ಇವೆರಡರ ನಡುವೆ ಭಾರೀ ವ್ಯತ್ಯಾಸವಿದೆ. ಅದನ್ನು ಮುಂದೆ ನೋಡೋಣ.

ಮೈಕೊರೈಜಾ, ಎಂದರೆ ಬೇರುಶಿಲೀಂಧ್ರ, ನಮ್ಮ ಮುರಮಣ್ಣಿಗೆ ವಿಶೇಷವಾಗಿ ಸಂಬಂಧಿಸಿದ್ದು. ಆಮ್ಲಗುಣದ ಈ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಂಧಿಸಿಡುತ್ತವೆ. ರೈತನು ಹಣ ಕೊಟ್ಟು ಹಾಕಿದ ರಂಜಕದ ಗೊಬ್ಬರದ ಬಹುಭಾಗ ಬೇರಿಗೆ ಸಿಗುವುದೇ ಇಲ್ಲ. ಮೈಕೊರೈಜಾದ ಎಳೆಗಳು ಬೇರಿಗಿಂತ ಬಹು ತೆಳ್ಳಗಿದ್ದು, ಬೇರು ತಲಪದ ಸಂದುಗಳನ್ನು ಹೊಕ್ಕು ರಂಜಕವನ್ನು ತಂದುಕೊಡುತ್ತವೆ. ಕರ್ನಾಟಕದಲ್ಲಿ ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿದ್ದ ಪ್ರೊ. ಡಿ. ಜೆ. ಬಾಗ್ಯರಾಜ್. ಮೈಕೊರೈಜಾಕ್ಕೆ ಒಂದು ತೊಡಕಿದೆ: ಜೀವಂತ ಬೇರಿಲ್ಲದೆ ಅದು ಬೆಳೆಯದು. ಟ್ರೈಕೋಡರ್ಮಾವನ್ನು ಧಾನ್ಯದ ಮೇಲೋ ತೊಟ್ಟಿಯಲ್ಲೋ ಬೆಳೆಸಬಹುದು. ಮೈಕೊರೈಜಾವನ್ನು ಸಾಮಾನ್ಯವಾಗಿ ಕುಂಡಗಳಲ್ಲಿ ಹುಲ್ಲು ಅಥವಾ ಧಾನ್ಯದ ಗಿಡ ನೆಟ್ಟು, ಅದರ ಬೇರಿನಲ್ಲಿ ಬೆಳೆಸಿ, ಬೇರು-ಮಣ್ಣು ಸಹಿತ ಮಾರಬೇಕಾಗುತ್ತದೆ. ಇದು ಯಂತ್ರಕ್ಕಿಂತ ಹೆಚ್ಚಾಗಿ ಜಾಗ ಮತ್ತು ತಾಳ್ಮೆ ಬೇಡುವ ಉದ್ಯಮ.

ಕೊನೆಯದಾಗಿ, ಗಿಡದ ಹೊರಗಲ್ಲ, ಅಂಗಾಂಶದ ಒಳಗೇ ತೊಂದರೆಯಿಲ್ಲದೆ ವಾಸಿಸುವ ಅಂತರ್ವಾಸಿಗಳು. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಕಾಳುಮೆಣಸಿನ ಬೇರಿನಿಂದಲೂ ಶುಂಠಿಯಿಂದಲೂ ಇಂತಹ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದೆ. ಶುಂಠಿಯ ಕೋಶಗಳ ನಡುವಣ ದ್ರವದಿಂದ ತೆಗೆದ ಬ್ಯಾಸಿಲ್ಲಸ್ ಲೈಕೆನಿಫಾರ್ಮಿಸ್ ತಳಿಯೊಂದನ್ನು ಆ ಸಂಸ್ಥೆ ಶುಂಠಿಯ ಬ್ಯಾಕ್ಟೀರಿಯಾ ಸೊರಗು ರೋಗದ ವಿರುದ್ಧ ಅಭಿವೃದ್ಧಿಪಡಿಸಿದೆ. ಮಲೆನಾಡಿನಲ್ಲಿ ಶುಂಠಿಗಾಗಿ ಗದ್ದೆ ಗುತ್ತಿಗೆ ಹಿಡಿದು ಈ ರೋಗದಿಂದ ಕೈಸುಟ್ಟುಕೊಂಡವರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಇದರ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಸರಳ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಳುಮೆಣಸಿನ ಪ್ರತಿ ಬಳ್ಳಿಯ ಬುಡಕ್ಕೆ 50 ಗ್ರಾಂ ಟ್ರೈಕೋಡರ್ಮಾ ಹಾಕಬೇಕೆಂಬುದು ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಮುಂಗಾರು ಆರಂಭದ ಮೇ-ಜೂನ್‌ನಲ್ಲಿ ಒಮ್ಮೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. ಈ 50 ಗ್ರಾಂ ಎಂಬ ಸಂಖ್ಯೆ ಊರೆಲ್ಲ ಹರಡಿದೆ. ಆದರೆ ಅದರ ಜತೆಗಿದ್ದ ಷರತ್ತು ಹರಡಲಿಲ್ಲ. ಆ ಪ್ರಮಾಣವು ಒಂದು ಗ್ರಾಮಿನಲ್ಲಿ 1,000 ಕೋಟಿಯಷ್ಟು ಜೀವಂತ ಘಟಕಗಳಿರುವ ಮಿಶ್ರಣಕ್ಕೆ ಹೇಳಿದ್ದು. ನೋಂದಾಯಿತ ಟ್ರೈಕೋಡರ್ಮಾ ಪುಡಿಯಲ್ಲಿ ಒಂದು ಗ್ರಾಮಿಗೆ ಕನಿಷ್ಠ ಇರಬೇಕಾದದ್ದು 20 ಲಕ್ಷ ಜೀವಂತ ಘಟಕಗಳು. ಭಾಗಿಸಿ ನೋಡಿದರೆ ಎರಡರ ನಡುವೆ 5,000 ಪಟ್ಟು ಅಂತರ.

ಇದರರ್ಥ ತಯಾರಕರು ಮೋಸ ಮಾಡುತ್ತಿದ್ದಾರೆಂದಲ್ಲ. ಕನಿಷ್ಠ ಮಿತಿಗಿಂತ ಹೆಚ್ಚು ಇರುವ ಒಳ್ಳೆಯ ಉತ್ಪನ್ನಗಳೂ ಇವೆ. ಆದರೆ ಕನಿಷ್ಠ ಮಿತಿಯ ಪುಡಿಯನ್ನು ಬಳ್ಳಿಗೆ 50 ಗ್ರಾಮಿನಂತೆ ಬುಡದಲ್ಲಿ ಉದುರಿಸಿ ಹೋದ ರೈತನು ಶಿಫಾರಸಿನ ಅತ್ಯಲ್ಪ ಅಂಶವನ್ನಷ್ಟೇ ಹಾಕಿರುತ್ತಾನೆ. ಅವನು ‘ಏನೂ ಆಗಲಿಲ್ಲ’ ಎಂದರೆ ಅದರಲ್ಲಿ ಆಶ್ಚರ್ಯವೇನು?

ಪೊಟ್ಟಣದಲ್ಲಿರುವುದು ಹೆಪ್ಪು, ಮೊಸರಲ್ಲ. ಹೆಪ್ಪನ್ನೇ ಬಡಿಸಿದರೆ ಊಟಕ್ಕೆ ಸಾಲದು; ಹಾಲಿಗೆ ಹಾಕಿ ಮೊಸರಾಗಿಸಬೇಕು. ಇಲ್ಲಿನ ಹಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಮತ್ತು ಬೇವಿನ ಹಿಂಡಿ. 90 ಕಿಲೋ ಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ ಬೆರೆಸಿ, 1ರಿಂದ 2 ಕಿಲೋ ಟ್ರೈಕೋಡರ್ಮಾ ಸೇರಿಸಿ, ನೆರಳಿನಲ್ಲಿ ರಾಶಿ ಮಾಡಬೇಕು. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗುವಷ್ಟು, ಆದರೆ ನೀರು ತೊಟ್ಟಿಕ್ಕದಷ್ಟು ತೇವವಿರಬೇಕು. ಒದ್ದೆ ಗೋಣಿಯಿಂದಲೋ ಅಡಿಕೆ ಸೋಗೆಯಿಂದಲೋ ಮುಚ್ಚಿ, ವಾರಕ್ಕೊಮ್ಮೆ ತಿರುವಿ ಹಾಕಬೇಕು. ಹದಿನೈದು-ಇಪ್ಪತ್ತು ದಿನಗಳಲ್ಲಿ ರಾಶಿಯ ಮೇಲೆ ಬಿಳಿ, ಬಳಿಕ ಹಸುರು ಬೆಳವಣಿಗೆ ಕಾಣುತ್ತದೆ. ಈ ಗೊಬ್ಬರವನ್ನು ಬಳ್ಳಿಯ ಬುಡಕ್ಕೆ ಕೊಟ್ಟರೆ ಟ್ರೈಕೋಡರ್ಮಾ ತನ್ನ ಆಹಾರ ಸಮೇತ ತೋಟ ಸೇರುತ್ತದೆ. ಹಸಿ ಸೆಗಣಿಯ ರಾಶಿ ಆಗದು. ಅದು ಕಳಿಯುವಾಗ ಹುಟ್ಟುವ ಬಿಸಿಯೇ ಇದನ್ನು ಕೊಲ್ಲುತ್ತದೆ.

ಇಲ್ಲಿ ವರ್ತಕರಿಗೆ ಲಾಭದ ವಿಷಯವೂ ಇದೆ. ಪೊಟ್ಟಣ ಮಾತ್ರ ಮಾರುವ ಅಂಗಡಿಗಿಂತ, ಪೊಟ್ಟಣದೊಂದಿಗೆ ಬೇವಿನ ಹಿಂಡಿ ಮಾರಿ, ಈ ವಿಧಾನವನ್ನು ಮುದ್ರಿಸಿದ ಒಂದು ಹಾಳೆಯನ್ನು ಬಿಲ್ಲಿಗೆ ಪಿನ್ನು ಹೊಡೆದು ಕೊಡುವ ಅಂಗಡಿಯ ವಹಿವಾಟು ಹೆಚ್ಚೀತು. ಗ್ರಾಹಕನು ಮುಂದಿನ ವರ್ಷವೂ ಅಲ್ಲಿಗೇ ಬಂದಾನು.

ಏಪ್ರಿಲ್ ತಿಂಗಳ ಗೋದಾಮು

ರಸಗೊಬ್ಬರದ ಚೀಲವನ್ನು ತಗಡಿನ ಮಾಡಿನ ಗೋದಾಮಿನಲ್ಲಿ ಎರಡು ಬೇಸಿಗೆ ಇಟ್ಟರೂ ಅದರ ಗುಣ ಅಷ್ಟಾಗಿ ಕುಂದದು. ಜೈವಿಕ ಪೊಟ್ಟಣ ಹಾಗಲ್ಲ. ಟಾಲ್ಕ್ ಪುಡಿಯಲ್ಲಿ ಬೆರೆಸಿದ ಟ್ರೈಕೋಡರ್ಮಾದ ಬೀಜಾಣುಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಲೇ ಇರುತ್ತದೆ. ಬಿಸಿ ಏರಿದಷ್ಟೂ ಇಳಿತ ವೇಗವಾಗುತ್ತದೆ. ಸ್ಯೂಡೊಮೊನಾಸ್ ಇನ್ನೂ ಸೂಕ್ಷ್ಮ. ಅದಕ್ಕೆ ಬೀಜಕ ರೂಪವೇ ಇಲ್ಲದಿರುವುದರಿಂದ ಒಣಗುವಿಕೆಯನ್ನೂ ತಾಪವನ್ನೂ ತಾಳಿಕೊಳ್ಳಲಾರದು. ಬ್ಯಾಸಿಲ್ಲಸ್ ಮಾತ್ರ ಗಟ್ಟಿ ಕವಚದ ಅಂತರ್ಬೀಜಕವಾಗಿ ಮಾರ್ಪಟ್ಟು ದೀರ್ಘಕಾಲ ಉಳಿಯಬಲ್ಲದು. ಹಿಂದೆ ಹೇಳಿದ ಭಾರೀ ವ್ಯತ್ಯಾಸ ಇದೇ. ತಂಪು ವ್ಯವಸ್ಥೆಯಿಲ್ಲದ ಸಣ್ಣ ಮಳಿಗೆಯವರು ಬ್ಯಾಕ್ಟೀರಿಯಾ ಉತ್ಪನ್ನಗಳಲ್ಲಿ ಬ್ಯಾಸಿಲ್ಲಸ್‌ಗೆ ಆದ್ಯತೆ ಕೊಡುವುದು ವಿವೇಕ.

ನಮ್ಮಲ್ಲಿ ನಡೆಯುತ್ತಿರುವುದೇನು? ಮಾರ್ಚ್‌ನಲ್ಲಿ ಕಂಪೆನಿಯವರು ಆರ್ಥಿಕ ವರ್ಷದ ಗುರಿ ತಲಪಲು ರಿಯಾಯಿತಿ ಘೋಷಿಸುತ್ತಾರೆ. ವರ್ತಕರು ಪೆಟ್ಟಿಗೆಗಟ್ಟಲೆ ಸರಕು ತರಿಸುತ್ತಾರೆ. ಬೇಸಿಗೆಯ ಅತ್ಯಂತ ಬಿಸಿಯ ಎರಡು ತಿಂಗಳನ್ನು ಆ ಪೆಟ್ಟಿಗೆಗಳು ತಗಡಿನ ಮಾಡಿನಡಿ, ಕೆಲವೊಮ್ಮೆ ಕಳೆನಾಶಕದ ಡಬ್ಬಗಳ ಪಕ್ಕದಲ್ಲಿ, ಕಳೆಯುತ್ತವೆ. ಜೂನ್‌ನಲ್ಲಿ ಅವು ಮಾರಾಟವಾಗುತ್ತವೆ. ಉಳಿದದ್ದು ಮುಂದಿನ ವರ್ಷಕ್ಕೆ. ಲೆಕ್ಕಪುಸ್ತಕದಲ್ಲಿ ಅದು ದಾಸ್ತಾನು; ನಿಜದಲ್ಲಿ ಟಾಲ್ಕ್ ಪುಡಿ. ರಿಯಾಯಿತಿಯಲ್ಲಿ ಉಳಿದ ಹಣಕ್ಕಿಂತ ಗ್ರಾಹಕನ ನಂಬಿಕೆಯಲ್ಲಿ ಕಳೆದುಕೊಂಡದ್ದು ಹೆಚ್ಚೆಂದು ನನಗೆ ತೋರುತ್ತದೆ.

ಪರಿಹಾರ ಕಷ್ಟದ್ದಲ್ಲ. ಬಳಕೆ ಎರಡು ಬಾರಿಯೆಂದ ಮೇಲೆ ಖರೀದಿಯೂ ಎರಡು ಬಾರಿ ಇರಲಿ: ಏಪ್ರಿಲ್ ಕೊನೆಗೊಂದು ಸಣ್ಣ ಕಂತು, ಜುಲೈ ಕೊನೆಗೆ ಇನ್ನೊಂದು. ಗೊಬ್ಬರದಲ್ಲಿ ಬೆಳೆಸಲು ಮೂರು ವಾರ ಬೇಕಾಗುವುದರಿಂದ ಮೊದಲ ಕಂತು ಮೇ ಮೊದಲ ವಾರದೊಳಗೆ ರೈತನ ಕೈ ಸೇರಬೇಕು. ಪೊಟ್ಟಣದ ಮೇಲಿನ ಅಂತಿಮ ದಿನಾಂಕಕ್ಕಿಂತ ತಯಾರಿಕೆಯ ದಿನಾಂಕ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು; ಟಾಲ್ಕ್ ಆಧಾರಿತ ಟ್ರೈಕೋಡರ್ಮಾ ಮೂರು-ನಾಲ್ಕು ತಿಂಗಳೊಳಗಿನದಾದರೆ ಉತ್ತಮ. ಮಳಿಗೆಯ ತಂಪು ಮೂಲೆಯಲ್ಲಿ, ಹೆಂಚಿನ ಮಾಡಿನ ಕೋಣೆಯಲ್ಲಿ, ರಾಸಾಯನಿಕಗಳಿಂದ ದೂರ ಇಡುವುದಕ್ಕೆ ವಿಶೇಷ ಖರ್ಚೇನೂ ಬೀಳದು.

ಸರಕು ಜೀವಂತವಿದೆಯೇ ಎಂದು ಒರಟಾಗಿ ತಿಳಿಯುವ ಒಂದು ಕ್ರಮವೂ ಇದೆ. ಎರಡು ಗಾಜಿನ ಬಾಟಲಿಗಳಲ್ಲಿ ಸ್ವಲ್ಪ ಅಕ್ಕಿ, ನೀರು ಹಾಕಿ, ಬಾಯಿಗೆ ಹತ್ತಿ ಬಿಗಿದು, ಕುಕ್ಕರಿನಲ್ಲಿ ಬೇಯಿಸಿ ಆರಿಸಬೇಕು. ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಉದುರಿಸಿ ಮತ್ತೆ ಮುಚ್ಚಿಡಬೇಕು. ನಾಲ್ಕೈದು ದಿನಗಳಲ್ಲಿ ಪುಡಿ ಹಾಕಿದ್ದು ಬಿಳಿಯಾಗಿ ಹಸುರಿಗೆ ತಿರುಗಿ, ಇನ್ನೊಂದು ಹಾಗೆಯೇ ಉಳಿದರೆ ಜೀವವಿದೆ ಎಂದರ್ಥ. ಎರಡೂ ಬೂಸು ಹಿಡಿದರೆ ಪರೀಕ್ಷೆ ಕೆಟ್ಟಿತು. ಎಷ್ಟು ಜೀವವಿದೆ, ಬೆಳೆದದ್ದು ಟ್ರೈಕೋಡರ್ಮಾವೇ ಎಂಬುದು ಇದರಿಂದ ನಿಶ್ಚಯವಾಗದು. ಅದಕ್ಕೆ ಪ್ರಯೋಗಾಲಯವೇ ಆಗಬೇಕು. ಟ್ರೈಕೋಡರ್ಮಾದ ಕೆಲವು ಪ್ರಭೇದಗಳಿಗೆ ತೆಂಗಿನಕಾಯಿಯ ಪರಿಮಳವಿದೆ ಎಂಬುದು ಕರಾವಳಿಯವರಿಗೆ ಕುತೂಹಲದ ಸಂಗತಿ. ಆದರೆ ಬಾಟಲಿ ತೆರೆದು ಮೂಸುವುದು ಬೇಡ, ಒಳಗೆ ಬೇರೆ ವಿಷಕಾರಿ ಬೂಸು ಬೆಳೆದಿರಬಹುದು. ಪರೀಕ್ಷೆ ಮುಗಿದ ಬಳಿಕ ಬಾಟಲಿಯನ್ನು ಮುಚ್ಚಿದಂತೆಯೇ ಕುದಿಸಿ, ಒಳಗಿನದನ್ನು ಹೂತುಬಿಡಬೇಕು.

ಒಟ್ಟಿಗೆ ಸೇರದ ಸರಕುಗಳು

ಒಂದೇ ಚೀಟಿಯಲ್ಲಿ ಮೈಲುತುತ್ತು ಮತ್ತು ಟ್ರೈಕೋಡರ್ಮಾ ಎರಡನ್ನೂ ಬರೆದುಕೊಂಡು ಬರುವ ಗ್ರಾಹಕರು ಹಲವರು. ಎರಡೂ ಬೇಕಾದವೇ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸದೆ ನಮ್ಮ ಮಳೆಯಲ್ಲಿ ಬೆಳೆ ಉಳಿಯುವುದು ಕಷ್ಟ. ಆದರೆ ಮರದ ತುದಿಯಲ್ಲಿ ಸಿಂಪಡಿಸಿದ ತಾಮ್ರ ಕಾಂಡದಗುಂಟ ಇಳಿದು ಅದೇ ಬುಡದ ಮೆಣಸಿನ ಬೇರಿನ ಮೇಲೆ ಬೀಳುತ್ತದೆ. ತಾಮ್ರಕ್ಕೆ ಒಳ್ಳೆಯ ಜೀವಿ, ಕೆಟ್ಟ ಜೀವಿ ಎಂಬ ಭೇದವಿಲ್ಲ. ಎರಡರ ನಡುವೆ ಕನಿಷ್ಠ ಎರಡು-ಮೂರು ವಾರಗಳ ಅಂತರವಿರಲಿ ಎಂದು ವರ್ತಕರು ಬಾಯಿಮಾತಿನಲ್ಲಾದರೂ ಹೇಳಬೇಕು. ಟ್ರೈಕೋಡರ್ಮಾ ಗೊಬ್ಬರವನ್ನು ಮೊದಲ ಬೋರ್ಡೋಗಿಂತ ಸಾಕಷ್ಟು ಮುಂಚೆಯೇ ಹಾಕಿ, ಮೇಲೆ ಸೊಪ್ಪು ಮುಚ್ಚಿದರೆ ತಾಮ್ರದ ಹೊಡೆತ ಕಡಿಮೆಯಾಗುತ್ತದೆ; ಸಾವಯವ ಅಂಶ ತಾಮ್ರವನ್ನು ಹಿಡಿದಿಡುತ್ತದೆ.

ಕಾರ್ಬೆಂಡಜಿಮ್ ಶಿಲೀಂಧ್ರನಾಶಕವು ಟ್ರೈಕೋಡರ್ಮಾಕ್ಕೆ ನೇರ ವಿಷ. ವಿಪರ್ಯಾಸವೆಂದರೆ ಫೈಟಾಫ್ತೊರಾದ ಮೇಲೆ ಅದರ ಪರಿಣಾಮವೇ ಇಲ್ಲ. ಬಳ್ಳಿ ಸೊರಗಿದಾಗ ಅದನ್ನು ಬುಡಕ್ಕೆ ಸುರಿದವರು ಕಾವಲುಗಾರನನ್ನು ಕೊಂದು ಕಳ್ಳನನ್ನು ಉಳಿಸಿದಂತಾಗುತ್ತದೆ. ಮೆಟಲಾಕ್ಸಿಲ್ ಮತ್ತು ಪೊಟ್ಯಾಸಿಯಂ ಫಾಸ್ಫೋನೇಟ್ ಹಾಗಲ್ಲ. ಫೈಟಾಫ್ತೊರಾವನ್ನು ಹತ್ತಿಕ್ಕುತ್ತವೆ, ಟ್ರೈಕೋಡರ್ಮಾಕ್ಕೆ ಹೆಚ್ಚು ತೊಂದರೆ ಕೊಡುವುದಿಲ್ಲ. ಆದರೆ ಸಾವಯವ ಪ್ರಮಾಣಪತ್ರದ ಕಾಳುಮೆಣಸಿನಲ್ಲಿ ಫಾಸ್ಫೋನೇಟ್ ಶೇಷ ಕಂಡುಬಂದರೆ ಯುರೋಪಿನ ಖರೀದಿದಾರರು ಪ್ರಶ್ನಿಸುತ್ತಾರೆ. ತಾಮ್ರಕ್ಕೂ ಅಲ್ಲಿ ಮಿತಿಯಿದೆ: 2019ರಿಂದ ಜಾರಿಯಲ್ಲಿರುವ ಐರೋಪ್ಯ ನಿಯಮದಂತೆ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ.

ಕಾಳುಮೆಣಸನ್ನು ಅಡುಗೆಗೆ ಮಾತ್ರ ಕೊಳ್ಳುವ ಕಾಲ ಇದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಸಿನದ ಕರ್ಕ್ಯುಮಿನ್ ಜತೆಗೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರಲ್ಲಿ ಕರ್ಕ್ಯುಮಿನ್ ಲಭ್ಯತೆ ಶೇಕಡಾ 2,000ದಷ್ಟು ಹೆಚ್ಚಿತು. ಅಂದಿನಿಂದ ಔಷಧೀಯ ಮತ್ತು ಪೂರಕ ಆಹಾರದ ಉದ್ಯಮಗಳು ಪೈಪರಿನ್‌ಗಾಗಿ ಕಾಳುಮೆಣಸು ಕೊಳ್ಳುತ್ತಿವೆ. ಸಾರ ತೆಗೆಯುವಾಗ ಸಾರದೊಂದಿಗೆ ಕೀಟನಾಶಕದ ಶೇಷವೂ ಸಾಂದ್ರಗೊಳ್ಳಬಹುದಾದ್ದರಿಂದ ಈ ಖರೀದಿದಾರರು ಹೆಚ್ಚು ಕಟ್ಟುನಿಟ್ಟು. ರಾಸಾಯನಿಕ ಕಡಿಮೆ ಬಳಸಿದ ತೋಟದ ಸರಕನ್ನು ಬೇರೆಯೇ ಚೀಲದಲ್ಲಿಟ್ಟು ಬೇರೆಯೇ ದರ ಕೇಳುವ ಅವಕಾಶ ನಮ್ಮ ಮೆಣಸು ವರ್ತಕರಿಗೆ ಇಲ್ಲಿದೆ.

ಇದೇ ಸಂದರ್ಭದಲ್ಲಿ ಒಂದು ಸ್ವಾರಸ್ಯಕರ ಸಂಗತಿ. ಕಾಳುಮೆಣಸಿನ ಗಿಡದೊಳಗೆ ವಾಸಿಸುವ ಕೊಲೆಟೋಟ್ರೈಕಮ್ ಶಿಲೀಂಧ್ರವನ್ನು ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಿದಾಗ ಅದು ತಾನೇ ಪೈಪರಿನ್ ಉತ್ಪಾದಿಸಿತೆಂದು 2014ರಲ್ಲಿ ಕೇರಳದ ಸಂಶೋಧಕರು ವರದಿ ಮಾಡಿದರು. ಇದೇ ಶಿಲೀಂಧ್ರದ ತಳಿಗಳು ಮೆಣಸಿನ ಎಲೆ, ಕಾಳುಗಳಿಗೆ ರೋಗ ತರುವುದೂ ಉಂಟು. ಬಳ್ಳಿಯಿಲ್ಲದೆ ತೊಟ್ಟಿಯಲ್ಲೇ ಪೈಪರಿನ್ ಬರುವ ದಿನ ಬಂದೀತೆಂದು ಯಾರೂ ಈಗಲೇ ಗಾಬರಿಯಾಗಬೇಕಾಗಿಲ್ಲ. ಪ್ರಯೋಗಾಲಯದಿಂದ ಕಾರ್ಖಾನೆಗೆ ಬಹು ದೂರ.

ತಯಾರಿಸಲು ಹೊರಟವರಿಗೆ

ಈ ಪುಡಿಗಳನ್ನು ನಾವೇ ಏಕೆ ತಯಾರಿಸಬಾರದೆಂದು ಸಣ್ಣ ಉದ್ಯಮಿಗಳು ಯೋಚಿಸುವುದು ಸಹಜ. ಕಾನೂನಿನ ದೃಷ್ಟಿಯಲ್ಲಿ ಇಲ್ಲಿ ಎರಡು ಬಾಗಿಲುಗಳಿವೆ. ರೋಗ ತಡೆಯುವ ಟ್ರೈಕೋಡರ್ಮಾ, ಸ್ಯೂಡೊಮೊನಾಸ್‌ಗಳು 1968ರ ಕೀಟನಾಶಕ ಕಾಯ್ದೆಯಡಿ ಬರುತ್ತವೆ. ಕೇಂದ್ರೀಯ ಕೀಟನಾಶಕ ಮಂಡಳಿಯ ನೋಂದಣಿ ಸಮಿತಿಯಲ್ಲಿ ನೋಂದಾಯಿಸಿ, ರಾಜ್ಯದಿಂದ ತಯಾರಿಕೆ ಮತ್ತು ಮಾರಾಟದ ಪರವಾನಗಿ ಪಡೆಯಬೇಕು. ಸ್ಯೂಡೊಮೊನಾಸ್‌ಗೆ ಗ್ರಾಮಿಗೆ 10 ಕೋಟಿ ಜೀವಂತ ಘಟಕಗಳು ಕನಿಷ್ಠ; ಟ್ರೈಕೋಡರ್ಮಾದ ಮಿತಿ ಮೇಲೆ ಹೇಳಿದೆ. ಸಾಲ್ಮೊನೆಲ್ಲಾದಂತಹ ರೋಗಾಣುಗಳು ಇರಲೇಕೂಡದು. ಅಜೊಸ್ಪಿರಿಲಮ್, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಮೈಕೊರೈಜಾ ಮುಂತಾದ ಪೋಷಕ ಜೀವಿಗಳು 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಬರುತ್ತವೆ. ಇವುಗಳಲ್ಲಿ ಬ್ಯಾಕ್ಟೀರಿಯಾ ಪುಡಿಗೆ ಗ್ರಾಮಿಗೆ 5 ಕೋಟಿ, ದ್ರವಕ್ಕೆ ಮಿಲಿಲೀಟರಿಗೆ 10 ಕೋಟಿ ಕನಿಷ್ಠ.

ಟ್ರೈಕೋಡರ್ಮಾ ಬೆಳೆಸಿದ ಗೊಬ್ಬರವನ್ನು ಚೀಲ ತುಂಬಿ ಮಾರುವ ಯೋಚನೆಯೂ ಕೆಲವರಲ್ಲಿದೆ. ರೈತನು ತನ್ನ ತೋಟಕ್ಕೆ ತಾನೇ ಮಾಡಿಕೊಂಡರೆ ಯಾವ ಅಡ್ಡಿಯೂ ಇಲ್ಲ. ಆದರೆ ‘ಸೊರಗು ರೋಗಕ್ಕೆ ರಾಮಬಾಣ’ ಎಂದು ಚೀಲದ ಮೇಲೆ ಮುದ್ರಿಸಿದೊಡನೆ ಅದು ನೋಂದಣಿ ಬೇಕಾದ ಸರಕಾಗುತ್ತದೆ. ಮುದ್ರಣಕ್ಕೆ ಕೊಡುವ ಮೊದಲು ಕೃಷಿ ಇಲಾಖೆಯ ಅಧಿಕಾರಿಗಳನ್ನು ವಿಚಾರಿಸುವುದು ಕ್ಷೇಮ.

ಹೊಸ ಘಟಕ ಹಾಕುವವರು ಕೋಯಿಕ್ಕೋಡಿನ ಸಂಸ್ಥೆಯ ಕ್ಯಾಪ್ಸೂಲ್ ತಂತ್ರಜ್ಞಾನವನ್ನು ಗಮನಿಸಬೇಕು. ನಿರ್ದೇಶಕರಾಗಿದ್ದ ಡಾ. ಎಂ. ಆನಂದರಾಜ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಈ ವಿಧಾನದಲ್ಲಿ ಸೂಕ್ಷ್ಮಾಣುಗಳನ್ನು ಔಷಧದ ಮಾತ್ರೆಯಂತಹ ಒಂದು ಗ್ರಾಂ ತೂಕದ ಜಿಲೆಟಿನ್ ಕೋಶದಲ್ಲಿ ತುಂಬಲಾಗುತ್ತದೆ. ಕಿಲೋಗಟ್ಟಲೆ ಟಾಲ್ಕ್ ಸಾಗಿಸುವ ಬಾಡಿಗೆ ಉಳಿಯುತ್ತದೆ, ಸಾಮಾನ್ಯ ಕೋಣೆಯ ತಾಪಮಾನದಲ್ಲೇ ಇಡಬಹುದು. ಈ ತಂತ್ರಜ್ಞಾನದ ಪರವಾನಗಿ ಪಡೆದವರಲ್ಲಿ ಕೊಡಗಿನ ಕುಶಾಲನಗರದ ಉದ್ಯಮವೊಂದೂ ಸೇರಿದೆ. ಹತ್ತಿರದಲ್ಲೇ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗು, ಕೊಕ್ಕೊ ಸಸಿಗಳಿಗೆ ಬ್ಯಾಕ್ಟೀರಿಯಾ ಪುಡಿಗಳನ್ನು ಅಭಿವೃದ್ಧಿಪಡಿಸಿದೆ. ಅದರ ಪ್ರಾದೇಶಿಕ ಕೇಂದ್ರ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ ಇರುವುದು ನಮ್ಮ ಅದೃಷ್ಟ. ಅಡಿಕೆ ತೋಟದ ಮಿಶ್ರ ಬೆಳೆಯ ಬಗ್ಗೆ ಅಲ್ಲಿ ಕೇಳಿ ತಿಳಿಯಬಹುದು.

ನನ್ನನ್ನು ಕೇಳಿದರೆ, ಪುಡಿ ಕಾರ್ಖಾನೆಗಿಂತಲೂ ಮೊದಲು ಗಮನ ಹರಿಯಬೇಕಾದದ್ದು ನರ್ಸರಿಗಳ ಕಡೆಗೆ. ಬೆಳ್ತಂಗಡಿ, ಮೂಡುಬಿದಿರೆ ಭಾಗಗಳಲ್ಲಿ ಮೆಣಸಿನ ಸಸಿ ಮಾಡಿ ಮಾರುವ ಸಣ್ಣ ನರ್ಸರಿಗಳು ಹಲವಿವೆ. ರೋಗ ಹೊಸ ತೋಟಕ್ಕೆ ಹೋಗುವ ಒಂದು ಮುಖ್ಯ ದಾರಿ ಅಲ್ಲಿನ ಪ್ಲಾಸ್ಟಿಕ್ ತೊಟ್ಟೆಯ ಮಣ್ಣು. ಅದೇ ತೊಟ್ಟೆ ಮಿತ್ರಾಣುಗಳು ತೋಟ ಸೇರುವ ಅತ್ಯಂತ ಅಗ್ಗದ ದಾರಿಯೂ ಆಗಬಲ್ಲದು. ಬೇಸಿಗೆಯ ಬಿಸಿಲಿನಲ್ಲಿ ಮಣ್ಣಿನ ಮಿಶ್ರಣವನ್ನು ತೇವಗೊಳಿಸಿ, ಪಾರದರ್ಶಕ ಹಾಳೆ ಹೊದಿಸಿ, ಸೂರ್ಯನ ತಾಪದಿಂದಲೇ ಶುದ್ಧಿಗೊಳಿಸಿ, ತೊಟ್ಟೆ ತುಂಬುವಾಗ ಮೈಕೊರೈಜಾ ಮತ್ತು ಟ್ರೈಕೋಡರ್ಮಾ ಬೆರೆಸಿದರೆ, ಎಳೆಯ ಬೇರಿನಲ್ಲಿ ಅವು ಮೊದಲ ದಿನದಿಂದಲೇ ನೆಲೆಸುತ್ತವೆ. ತೋಟದ ಒಂದು ಬಳ್ಳಿಗೆ ಬೇಕಾಗುವ ಪ್ರಮಾಣದಲ್ಲಿ ಅನೇಕ ಸಸಿಗಳ ಕೆಲಸ ಮುಗಿಯುತ್ತದೆ. ಸೊರಗು ರೋಗವನ್ನು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುವ ಐಐಎಸ್‌ಆರ್ ಶಕ್ತಿ, ಐಐಎಸ್‌ಆರ್ ತೇವಂ ತಳಿಗಳ ಸಸಿಯನ್ನೇ ಹೀಗೆ ಬೆಳೆಸಿದರೆ ಇನ್ನೂ ಒಳ್ಳೆಯದು. ಇಂತಹ ಸಸಿಗೆ ನಾಲ್ಕೈದು ರೂಪಾಯಿ ಹೆಚ್ಚು ಕೇಳಿದರೆ ಬಳ್ಳಿ ಕಳೆದುಕೊಂಡ ಬೆಳೆಗಾರ ಚೌಕಾಸಿ ಮಾಡಲಾರ. ಆದರೆ ಬೆರೆಸಿದ ಪುಡಿಯ ತಯಾರಿಕೆ ದಿನಾಂಕವನ್ನು ನರ್ಸರಿಯವರು ಬರೆದಿಟ್ಟುಕೊಂಡಿರಬೇಕು, ಕೇಳಿದವರಿಗೆ ತೋರಿಸುವಂತಿರಬೇಕು. ಮುಂದಿನ ಮಳೆಗಾಲಕ್ಕೆ ಸಸಿ ಮಾಡುವವರು ಮಣ್ಣಿಗೆ ಹಾಳೆ ಹೊದಿಸುವ ಕೆಲಸವನ್ನು ಫೆಬ್ರವರಿ-ಮಾರ್ಚ್ ಬಿಸಿಲಿನಲ್ಲೇ ಮುಗಿಸಿಕೊಳ್ಳಬೇಕು, ಮೋಡ ಕಟ್ಟಿದ ಮೇಲೆ ಅದು ಸಾಧ್ಯವಾಗದು.